ಪ್ರೌಢಶಾಲೆಯಲ್ಲಿ ಬೀಗದಾಟ

ಸೈಬರ್ ಸುರಕ್ಷತೆ ಎಂದೊಡನೆ ಅದು ಬೆಂಗಳೂರಿನ ಇಂಜಿನಿಯರರ ವಿಷಯ, ನಮ್ಮ ಕೊಪ್ಪದ ಪ್ರೌಢಶಾಲೆಗೆ ಅದೇಕೆ ಎಂದು ಕೇಳುವವರುಂಟು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತೆಂಬುದು ನಿಜ. ಆದರೆ ಇಂದು ಅಡಿಕೆ, ಕಾಫಿ ಮಾರಿದ ಹಣ ಬಂದಿತೆ ಎಂದು ಅಜ್ಜನಿಗೆ ಫೋನು ತೆರೆದು ತೋರಿಸುವವನು ಎಷ್ಟೋ ಮನೆಗಳಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗ. ಹೀಗಿರುವಾಗ ಪಾಠ ಮೊದಲು ಅವನಿಗೇ ಆಗಬೇಡವೆ?

‘ಗುಪ್ತಸಂಖ್ಯೆ ಕಠಿಣವಾಗಿರಲಿ’ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳು ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುವರು, ಅಷ್ಟೆ. ಆಟವಾಡಿಸಿ ನೋಡಿ. ನಾಲ್ಕಂಕಿಯ ಗುಪ್ತಸಂಖ್ಯೆಗಳು 0000ದಿಂದ 9999ರ ವರೆಗೆ ಒಟ್ಟು 10,000. ಒಂದೊಂದಕ್ಕೆ ಒಂದು ಸೆಕೆಂಡಿನಂತೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು 2 ಗಂಟೆ 47 ನಿಮಿಷ ಬೇಕು. ಅದು ಹುಟ್ಟಿದ ದಿನ, ತಿಂಗಳೆಂದು ಗೊತ್ತಾದರೆ ಉಳಿಯುವುದು 366 ಮಾತ್ರ. ಆರು ನಿಮಿಷ ಚಿಲ್ಲರೆಯ ಕೆಲಸ! ಈ ಲೆಕ್ಕವನ್ನು ಮಕ್ಕಳೇ ಮಾಡಬೇಕು. ಕೆಲವೇ ತಪ್ಪು ಪ್ರಯತ್ನಗಳಿಗೆ ಬ್ಯಾಂಕು ಖಾತೆಗೆ ತಡೆ ಹಾಕುವುದೇಕೆಂಬುದು ಆಗ ತಾನಾಗಿಯೇ ಹೊಳೆಯುತ್ತದೆ.

ಗುಪ್ತಲಿಪಿಯ ಆಟಕ್ಕೆ ನಮ್ಮ ವರ್ಣಮಾಲೆಯೇ ಸಾಕು. ಪ್ರತಿ ವ್ಯಂಜನದ ಬದಲು ಅದರ ಮುಂದಿನದನ್ನು ಬರೆದರೆ ಕೊಪ್ಪ ‘ಖೊಫ್ಫ’ವಾಗುತ್ತದೆ. ವ್ಯಂಜನಗಳು 34; ಹೆಚ್ಚೆಂದರೆ 33 ಸಲ ಸರಿಸಿ ನೋಡಿದರೆ ಗುಟ್ಟು ಬಯಲು.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಇಂಥ ಒಗಟುಗಳನ್ನೇ ಕಂಪ್ಯೂಟರಿಗೆ ಅಳವಡಿಸಿ, 2013ರಲ್ಲಿ ‘ಪಿಕೊ ಸಿಟಿಎಫ್’ ಎಂಬ ಸ್ಪರ್ಧೆಯನ್ನು ಶಾಲಾ ಮಕ್ಕಳಿಗಾಗಿ ಆರಂಭಿಸಿತು. ಒಳ್ಳೆಯದೇ. ಆದರೆ ಬೀಗ ಒಡೆಯುವ ವಿದ್ಯೆ ಆಟದ ಬೀಗಕ್ಕೆ ಮಾತ್ರ ಎಂಬುದನ್ನು ಮೊದಲ ದಿನವೇ ಹೇಳತಕ್ಕದ್ದು. ಅನುಮತಿಯಿಲ್ಲದೆ, ಕೆಟ್ಟ ಉದ್ದೇಶದಿಂದ ಪರರ ಕಂಪ್ಯೂಟರ್ ಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಮೂರು ವರ್ಷಗಳ ವರೆಗೆ ಸೆರೆಯುಂಟು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಾದ ಆಟಕ್ಕೆ ಯಂತ್ರವೇ ಬೇಡ. ಒಬ್ಬನು ವಂಚಕ, ಇನ್ನೊಬ್ಬನು ಅಡಿಕೆ ಬೆಳೆಗಾರ. “ಹಣ ಕಳಿಸಿದ್ದೇನೆ ಯಜಮಾನರೆ, ಪಿನ್ ಒತ್ತಿದರೆ ನಿಮಗೆ ಜಮಾ ಆಗುತ್ತದೆ, ಬೇಗ ಒತ್ತಿ” ಎಂದು ವಂಚಕನು ಅವಸರಪಡಿಸಬೇಕು. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಇದನ್ನು ನೆನೆದು ಬೆಳೆಗಾರನು ಫೋನು ಇಟ್ಟನೋ, ಅವನು ಗೆದ್ದ. ಒತ್ತಿದನೋ, ಆಟ ಮುಗಿಯಲಿಲ್ಲ. ಮೂರನೆಯವನು ಗಡಿಯಾರ ಹಿಡಿದು ನಿಂತಿರಬೇಕು. ಸೋತವನು 1930ಕ್ಕೆ ದೂರು ಹೇಳಲು ಎಷ್ಟು ನಿಮಿಷ ತೆಗೆದುಕೊಂಡನೆಂಬುದಕ್ಕೂ ಅಂಕವುಂಟು.