ಅಡಿಕೆ ದುಡ್ಡಿಗೆ ಒಂದು ಲ್ಯಾಪ್‌ಟಾಪ್

ಸೀಟು ಸಿಕ್ಕಿದ ಖುಷಿ ಮುಗಿಯುವ ಮೊದಲೇ ಮನೆಯಲ್ಲಿ ಪ್ರಶ್ನೆ ಬರ್ತದೆ: "ಲ್ಯಾಪ್‌ಟಾಪ್ ಬೇಕೇ ಬೇಕಾ? ಎಷ್ಟಾಗ್ತದೆ?" ನಮ್ಮೂರು ಸಿದ್ಧಕಟ್ಟೆ. ನನ್ನ ಲ್ಯಾಪ್‌ಟಾಪಿನ ದುಡ್ಡು ಬಂದದ್ದು ಅಪ್ಪ ಮಾರಿದ ಅಡಿಕೆಯಿಂದ, ಅಮ್ಮ ಕಟ್ಟಿದ ಬೀಡಿಯಿಂದ. ಅಂಗಡಿಯಲ್ಲಿ "ಸ್ಟೂಡೆಂಟ್ಸಿಗೆ ಇದು ಧಾರಾಳ ಸಾಕು" ಅಂದರು, ತಂದೆವು. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಮೂರನೇ ಸೆಮಿಸ್ಟರಿನಲ್ಲಿ ಕ್ಯಾಡ್ ಸಾಫ್ಟ್‌ವೇರ್ ಹಾಕ್ಲಿಕ್ಕೆ ಜಾಗವೇ ಇಲ್ಲ. ರ‍್ಯಾಮ್ ಹೆಚ್ಚಿಸುವ ಅಂದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ! ಆ ತಪ್ಪು ನಿಮಗಾಗಬಾರದು ಅಂತ ಇಷ್ಟು ಬರೀತಿದ್ದೇನೆ.

ನಾನು ಕಲಿತ ಸೂತ್ರ ಒಂದೇ: ಆಮೇಲೆ ಬದಲಿಸಲಾಗದ್ದಕ್ಕೆ ಈಗ ದುಡ್ಡು ಕೊಡಿ, ಬದಲಿಸಬಹುದಾದ್ದನ್ನು ಆಮೇಲೆ ಹಾಕಿಸಿ.

1. ಪ್ರೊಸೆಸರ್: ಇದನ್ನು ಬದಲಿಸಲಾಗುವುದಿಲ್ಲ. "ಐ5 ಉಂಟು" ಅಂದ ಕೂಡಲೇ ಮರುಳಾಗಬೇಡಿ, ಪೂರ್ತಿ ನಂಬರ್ ಓದಿ. ಐ5-7200ಯು ಏಳನೇ ತಲೆಮಾರಿನದು, ಎರಡೇ ಕೋರ್. ಐ3-1215ಯು ಹನ್ನೆರಡನೇ ತಲೆಮಾರಿನದು, ಆರು ಕೋರ್. ಇಲ್ಲಿ ಐ3 ಯೇ ಗಟ್ಟಿ! ಎಎಂಡಿಯಲ್ಲೂ ಹಾಗೆಯೇ. ರೈಜನ್ 5 7520ಯು ಹೆಸರು ಹೊಸದು, ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ.

2. ರ‍್ಯಾಮ್: 8 ಜಿಬಿಗಿಂತ ಕಡಿಮೆ ಬೇಡ. ಆದರೆ ಎಷ್ಟಿದೆ ಅನ್ನುವುದಕ್ಕಿಂತ ಖಾಲಿ ಸ್ಲಾಟ್ ಉಂಟಾ ಅನ್ನುವುದು ಮುಖ್ಯ. ಸ್ಲಾಟ್ ಇದ್ದರೆ ಮುಂದಿನ ವರ್ಷ ಸ್ಕಾಲರ್‌ಶಿಪ್ ಬಂದಾಗ 16 ಮಾಡಬಹುದು. ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗದಲ್ಲಿ ಫಾರ್ಮ್ ಫ್ಯಾಕ್ಟರ್ ನೋಡಿ. "ಸೋಡಿಮ್" ಅಂತಿದ್ದರೆ ಕಳಚಬಹುದು, "ರೋ ಆಫ್ ಚಿಪ್ಸ್" ಅಂತಿದ್ದರೆ ಬೆಸುಗೆ.

3. ಸ್ಟೋರೇಜ್: ಎಸ್‌ಎಸ್‌ಡಿ ಕಡ್ಡಾಯ. 256 ಜಿಬಿ ಇದ್ದರೂ ಪರವಾಗಿಲ್ಲ, ಎಂ.2 ಸ್ಲಾಟಿನಲ್ಲಿದ್ದರೆ ದೊಡ್ಡದನ್ನು ಆಮೇಲೆ ಹಾಕಬಹುದು. ಇಎಂಎಂಸಿ ಅಂತ ಕಂಡರೆ ಅಲ್ಲಿಂದ ಎದ್ದು ಬನ್ನಿ.

4. ಪರದೆ: ನಾಲ್ಕು ವರ್ಷ ಕಣ್ಣು ನೆಡುವ ಜಾಗ. 1920×1080 ಇರಲಿ, ಐಪಿಎಸ್ ಆದರೆ ಒಳ್ಳೆಯದು. ಓರೆಯಾಗಿ ನೋಡಿ, ಬಣ್ಣ ಮಾಸಿದರೆ ಬೇಡ.

5. ಗ್ರಾಫಿಕ್ಸ್ ಕಾರ್ಡ್: ಮೊದಲ ವರ್ಷದ ಸಿ, ಪೈಥಾನ್‌ಗೆ ಬೇಕಾಗಿಲ್ಲ. ಮೆಷಿನ್ ಲರ್ನಿಂಗ್ ಕಲಿಯುವವರಿಗೆ ಗೂಗಲ್ ಕೊಲ್ಯಾಬ್‌ನಲ್ಲಿ ಜಿಪಿಯು ಉಚಿತವಾಗಿ ಸಿಗ್ತದೆ, ಮಿತಿಯೊಳಗೆ. ದೊಡ್ಡ ಸಾಲಿಡ್‌ವರ್ಕ್ಸ್ ಅಸೆಂಬ್ಲಿ ಮಾಡುವ ಮೆಕ್ಯಾನಿಕಲ್‌ನವರು ಮಾತ್ರ ಸೀನಿಯರ್‌ಗಳನ್ನು ಕೇಳಿ ನಿರ್ಧರಿಸಿ.

ಬಜೆಟ್ ತೀರಾ ಕಡಿಮೆಯಾ? ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತವೆ. ಗಟ್ಟಿ ಯಂತ್ರಗಳು, ಬಿಚ್ಚಿ ರಿಪೇರಿ ಮಾಡುವುದೂ ಸುಲಭ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಮೇಲಿನದೇ ನೋಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಅದಕ್ಕಿಂತ ಹಳೆಯದರಲ್ಲಿ ನಡೆಯುವುದಿಲ್ಲ. ದುಡ್ಡು ಕೊಡುವ ಮೊದಲು ಬ್ಯಾಟರಿ ರಿಪೋರ್ಟ್ ತೆಗೆಸಿ. ಮೂಲ ಸಾಮರ್ಥ್ಯ 50 ವ್ಯಾಟ್-ಅವರ್ ಇದ್ದು ಈಗ 30 ತೋರಿಸಿದರೆ ಉಳಿದದ್ದು ಶೇ. 60 ಅಷ್ಟೇ. ಹೊಸ ಬ್ಯಾಟರಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ ಚೌಕಾಸಿ ಮಾಡಿ.

ಇನ್ನು ನಮ್ಮ ಕಡೆಯವರಿಗೆ ಎರಡು ಮಾತು. ಸರ್ವಿಸ್ ಸೆಂಟರಿಗೆ ಅಂತ ಸಿದ್ಧಕಟ್ಟೆಯಿಂದ ಬಿ.ಸಿ.ರೋಡಿಗೆ ಒಂದು ಬಸ್, ಅಲ್ಲಿಂದ ಮಂಗಳೂರಿಗೆ ಇನ್ನೊಂದು. ಒಂದು ದಿನ ಹೋಯ್ತು. ಹಾಗಾಗಿ ಮನೆಗೇ ಬಂದು ಸರಿಮಾಡುವ ಆನ್‌ಸೈಟ್ ವಾರಂಟಿ ಉಂಟಾ, ಅದು ನಿಮ್ಮ ಪಿನ್‌ಕೋಡಿಗೆ ಸಿಗ್ತದಾ ಅಂತ ಮೊದಲೇ ವಿಚಾರಿಸಿ. ಮೇ, ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಚಾರ್ಜರ್ ಪ್ಲಗ್ಗಿನಿಂದಲೇ ಕಿತ್ತುಬಿಡಿ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಮಳೆಗಾಲದಲ್ಲಿ ವಾರಗಟ್ಟಲೆ ಬ್ಯಾಗಿನೊಳಗೆ ಮುಚ್ಚಿಡಬೇಡಿ. ದಿನಾ ಸ್ವಲ್ಪ ಹೊತ್ತು ಆನ್ ಮಾಡಿದರೆ ಒಳಗಿನ ತೇವ ಆರ್ತದೆ.

ನನ್ನ ಹಳೆ ಲ್ಯಾಪ್‌ಟಾಪ್ ಈಗಲೂ ಮನೆಯಲ್ಲಿದೆ, ಲಿನಕ್ಸ್ ಹಾಕಿ ತಂಗಿಗೆ ಓದಲು ಕೊಟ್ಟಿದ್ದೇನೆ. ಅಡಿಕೆಯನ್ನು ಒಂದೊಂದೇ ಹೆಕ್ಕಿ ಗೋಟು, ಚಾಲಿ ಅಂತ ಬೇರೆ ಮಾಡುವ ಮನೆಯವರು ನಾವು. ಅದೇ ದುಡ್ಡಲ್ಲಿ ತರುವ ಲ್ಯಾಪ್‌ಟಾಪಿನ ಸ್ಪೆಕ್ ಶೀಟನ್ನು ಹತ್ತು ನಿಮಿಷ ಕೂತು ಓದ್ಲಿಕ್ಕೆ ಉದಾಸೀನ ಯಾಕೆ?