ಧ್ಯಾನಕ್ಕೆ ಕೂರುವ ಮುನ್ನ ಮಾತ್ರೆ ಡಬ್ಬಿ ತೆಗೆದು ನೋಡಿ

ಹತ್ತು ದಿನದ ಮೌನ ಶಿಬಿರ ಮುಗಿಸಿ ಬಂದ ಸಹೋದ್ಯೋಗಿಯ ಮುಖದಲ್ಲಿ ಹೊಸ ಕಳೆ ಕಾಣುತ್ತದೆ. ಮೊಬೈಲಿನ ವಿಡಿಯೊದಲ್ಲಿ ಅಮೆರಿಕದ ಯಾರೋ ಒಬ್ಬರು ಭ್ರಮೆ ಹುಟ್ಟಿಸುವ ಅಣಬೆ ಸೇವಿಸಿದಾಗ ‘ನಾನು’ ಎಂಬುದೇ ಕರಗಿಹೋಯಿತು ಎಂದು ಕಣ್ಣು ತುಂಬಿಕೊಂಡು ಹೇಳುತ್ತಾರೆ. ಇವನ್ನೆಲ್ಲ ಕಂಡಾಗ ನನಗೂ ಅಂಥದ್ದೊಂದು ಅನುಭವ ಬೇಕು ಅನ್ನಿಸುವುದು ಸಹಜ. ಹಾಗೆ ಅನ್ನಿಸಿದವರಲ್ಲಿ ನಲವತ್ತು ದಾಟಿದವರೂ ಬಹಳ. ಬೆಳಿಗ್ಗೆ ಬಿಪಿ ಮಾತ್ರೆ, ಊಟಕ್ಕೆ ಮುಂಚೆ ಶುಗರ್ ಮಾತ್ರೆ, ರಾತ್ರಿ ನಿದ್ದೆಗೋ ಖಿನ್ನತೆಗೋ ಇನ್ನೊಂದು ನುಂಗುವವರು.

ಈ ಹಂಬಲ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದ್ದರಿಂದಲೇ ಅದನ್ನು ಜೋಪಾನವಾಗಿ ಬೆನ್ನುಹತ್ತಬೇಕು. ನಾನು ಮುಖ್ಯವಾಗಿ ಹೇಳಬೇಕಾದ್ದು ಒಂದೇ: ಯಾವ ಗುರು ಹೇಳಿದರೂ, ಎಂಥ ಅನುಭವದ ಆಸೆಯಿದ್ದರೂ, ವೈದ್ಯರು ಬರೆದುಕೊಟ್ಟ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಉಳಿದ ಹೆಜ್ಜೆಗಳೆಲ್ಲ ಇದರ ನಂತರ.

ಹೆಜ್ಜೆ 1: ಔಷಧಿಗಳ ಪಟ್ಟಿ ಮಾಡಿ

ಡಬ್ಬಿಯಲ್ಲಿರುವ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ದಿನದ ಯಾವ ಹೊತ್ತಿಗೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆಯುರ್ವೇದದ ಲೇಹ್ಯ, ನಿದ್ದೆ ಮಾತ್ರೆ, ಮೆಡಿಕಲ್ ಶಾಪಿನಿಂದ ಕೇಳಿ ತಂದ ನೋವಿನ ಮಾತ್ರೆ ಯಾವುದನ್ನೂ ಬಿಡಬೇಡಿ. ಇದನ್ನು ನಿಮ್ಮ ವೈದ್ಯರಿಗೆ ತೋರಿಸಿ, ಹತ್ತು ದಿನದ ಶಿಬಿರಕ್ಕೆ ಹೋಗುವ ಯೋಚನೆಯಿದೆ ಎಂದು ನೇರವಾಗಿ ಹೇಳಿ.

ಸಕ್ಕರೆ ಕಾಯಿಲೆಯವರಿಗೆ ಈ ಭೇಟಿ ತಪ್ಪಿಸುವಂತೆಯೇ ಇಲ್ಲ. ಧ್ಯಾನ ಗುರು ಗೋಯೆಂಕಾ ಅವರ ಪರಂಪರೆಯ, ಹತ್ತು ದಿನದ ವಿಪಶ್ಯನ ಮೌನ ಶಿಬಿರಗಳಲ್ಲಿ ಬೆಳಿಗ್ಗೆ 11ಕ್ಕೆ ಊಟ. ಹೊಸಬರಿಗೆ ಸಂಜೆ 5ಕ್ಕೆ ಹಣ್ಣು, ಚಹಾ ಸಿಗುತ್ತದೆ, ರಾತ್ರಿ ಊಟ ಇಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಮನೆಯ ಲೆಕ್ಕದಲ್ಲೇ ಡೋಸ್ ತೆಗೆದುಕೊಂಡರೆ ನಡುರಾತ್ರಿ ಸಕ್ಕರೆ ಕುಸಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ತೀರಾ ಕಡಿಮೆ. ಡೋಸ್ ಎಷ್ಟು ಬದಲಿಸಬೇಕು ಎಂಬುದನ್ನು ವೈದ್ಯರು ಹೇಳಲಿ. ರಾತ್ರಿ ಏನಾದರೂ ತಿನ್ನಲೇಬೇಕಾದರೆ ಅದನ್ನು ಶಿಬಿರದ ಅರ್ಜಿಯಲ್ಲೇ ಬರೆದು ಮುಂಚಿತವಾಗಿ ಒಪ್ಪಿಗೆ ಪಡೆಯಿರಿ. ಗ್ಲುಕೋಮೀಟರ್ ಚೀಲದಲ್ಲಿರಲಿ.

ಮೂರ್ಛೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರು ನಿದ್ದೆಯ ಬಗ್ಗೆ ಕೇಳಿ ತಿಳಿಯಬೇಕು. ಶಿಬಿರದಲ್ಲಿ ಗಂಟೆ ಬಾರಿಸುವುದು ಬೆಳಗಿನ ಜಾವ 4ಕ್ಕೆ, ದೀಪ ಆರಿಸುವುದು ರಾತ್ರಿ 9.30ಕ್ಕೆ. ಹೊಸ ಜಾಗದಲ್ಲಿ ನಿದ್ದೆ ಹತ್ತುವುದೂ ತಡ. ನಿದ್ದೆಗೆಟ್ಟರೆ ಸೆಳವು ಮರುಕಳಿಸಬಹುದು. ಥೈರಾಯ್ಡ್ ಮಾತ್ರೆಯವರಿಗೆ ಇಂಥ ತೊಡಕಿಲ್ಲ, ನಾಲ್ಕಕ್ಕೆ ಎದ್ದು ಖಾಲಿ ಹೊಟ್ಟೆಯಲ್ಲಿ ನುಂಗಿದರಾಯಿತು.

ಹೆಜ್ಜೆ 2: ಮನೆಯವರ ಮಾನಸಿಕ ಆರೋಗ್ಯವನ್ನೂ ವಿಚಾರಿಸಿ

ಇದು ಕಷ್ಟದ ಹೆಜ್ಜೆ. ದೊಡ್ಡಪ್ಪನಿಗೆ ‘ತಲೆ ಕೆಟ್ಟಿತ್ತು’, ಚಿಕ್ಕಮ್ಮನಿಗೆ ‘ಗಾಳಿ ಸೋಕಿತ್ತು’ ಎಂದು ಮುಚ್ಚಿಟ್ಟ ಎಷ್ಟೋ ಕಥೆಗಳ ಹಿಂದೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದಿರಬಹುದು. ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಮೆಲ್ಲಗೆ ಕೇಳಿ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ, ಅಥವಾ ನಿಮಗೇ ಒಮ್ಮೆ ಹಾಗಾಗಿದ್ದರೆ, ದೀರ್ಘ ಮೌನ ಶಿಬಿರಕ್ಕೆ ಮುನ್ನ ಮನೋವೈದ್ಯರ ಮಾತು ಕಡ್ಡಾಯ. ಆ ಅಣಬೆಯಂಥ, ಪ್ರಜ್ಞೆಯನ್ನು ಬದಲಿಸುವ ಸೈಕೆಡೆಲಿಕ್ ವಸ್ತುಗಳ ಯೋಚನೆಯನ್ನಂತೂ ಪೂರ್ತಿ ಬಿಡಿ. ವಿದೇಶಗಳ ವಿಶ್ವವಿದ್ಯಾಲಯಗಳು ಇಂಥವರನ್ನು ಸಂಶೋಧನೆಗೇ ಸೇರಿಸಿಕೊಳ್ಳುವುದಿಲ್ಲ.

ಹೆಜ್ಜೆ 3: ಸೈಕೆಡೆಲಿಕ್ ಬಗ್ಗೆ ಕೇಳಿದ್ದನ್ನು ಜರಡಿ ಹಿಡಿಯಿರಿ

ಎಲ್‌ಎಸ್‌ಡಿಯನ್ನು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದರು, ಅದರ ಪರಿಣಾಮ ಗೊತ್ತಾದದ್ದು 1943ರಲ್ಲಿ. ಅಣಬೆಯಲ್ಲಿರುವ ಸೈಲೊಸೈಬಿನ್ ಅನ್ನು ಬೇರ್ಪಡಿಸಿದವರೂ ಅವರೇ. ಆದರೆ ಮೆಕ್ಸಿಕೋದ ಒಹಾಕಾ ಬೆಟ್ಟಗಳ ಮಜಾಟೆಕ್ ಜನ ಆ ಅಣಬೆಯನ್ನು ಅದಕ್ಕೂ ಬಹಳ ಹಿಂದಿನಿಂದ ರೋಗಿಗಳಿಗಾಗಿ, ರಾತ್ರಿಯ ಪೂಜೆಯಲ್ಲಿ, ನಿಯಮದಿಂದ ಬಳಸುತ್ತಿದ್ದರು. ಅಲ್ಲಿನ ಮಾರಿಯಾ ಸಬೀನಾ ಎಂಬ ವೈದ್ಯೆಯ ಪೂಜೆಯ ವಿವರ 1957ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಆ ಊರಿಗೆ ಹೊರಗಿನವರು ಮುಗಿಬಿದ್ದರು. ಅದರಿಂದ ಸಬೀನಾ ಅವರ ಬದುಕು ನೆಮ್ಮದಿ ಕಳೆದುಕೊಂಡಿತು. ಅನುಭವ ಹುಡುಕಿಕೊಂಡು ಹೋಗುವವರು ಆ ಹೆಂಗಸನ್ನು ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ವಿಜ್ಞಾನದ ಕಡೆಯಿಂದ ಭರವಸೆ ಇರುವುದು ನಿಜ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲೆಂಡ್ ಗ್ರಿಫಿತ್ಸ್ ಸ್ವತಃ ಧ್ಯಾನಿಗಳಾಗಿದ್ದರು. ಧ್ಯಾನದಲ್ಲಿ ಹುಟ್ಟಿದ ಕುತೂಹಲವೇ ಅವರನ್ನು ಈ ಸಂಶೋಧನೆಗೆ ಎಳೆಯಿತು. 2006ರಲ್ಲಿ ಅವರ ತಂಡ 36 ಮಂದಿ ಆರೋಗ್ಯವಂತರಿಗೆ ಸೈಲೊಸೈಬಿನ್ ಕೊಟ್ಟಾಗ, ಮೂರರಲ್ಲಿ ಎರಡು ಪಾಲು ಜನ ಅದನ್ನು ಬದುಕಿನ ಅತ್ಯಂತ ಅರ್ಥಪೂರ್ಣ ಐದು ಅನುಭವಗಳಲ್ಲಿ ಒಂದೆಂದರು. ಅದೇ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಜನ ತೀವ್ರ ಭಯಕ್ಕೂ ಒಳಗಾದರು. ವಿಡಿಯೊಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಆ ಭಯ ದುರಂತವಾಗದೆ ಉಳಿದದ್ದಕ್ಕೆ ಕಾರಣಗಳಿದ್ದವು: ಮೊದಲೇ ತಪಾಸಣೆ, ಅಳೆದ ಡೋಸ್, ಇಡೀ ಹೊತ್ತು ಪಕ್ಕದಲ್ಲೇ ಕೂತ ತರಬೇತಾದ ಜನ. 2018ರಲ್ಲಿ ಇದೇ ತಂಡ ಇನ್ನೊಂದು ಮುಖ್ಯ ಸಂಗತಿ ಕಂಡಿತು. ಸೈಲೊಸೈಬಿನ್ ಜೊತೆಗೆ ದಿನವೂ ಧ್ಯಾನ ಮಾಡಲು ಹೆಚ್ಚಿನ ಬೆಂಬಲ ಸಿಕ್ಕವರಲ್ಲಿ ಆರು ತಿಂಗಳ ನಂತರವೂ ಬದಲಾವಣೆ ಹೆಚ್ಚಾಗಿತ್ತು. ಅಲ್ಲಿಯೂ ದಿನದಿನದ ಅಭ್ಯಾಸಕ್ಕೆ ಬೆಲೆ ಇತ್ತು.

ಈಗ ಆರೋಗ್ಯದ ಲೆಕ್ಕ. ಈ ವಸ್ತುಗಳು ರಕ್ತದೊತ್ತಡ ಮತ್ತು ಎದೆಬಡಿತವನ್ನು ಕೆಲವು ಗಂಟೆಗಳ ಕಾಲ ಏರಿಸುತ್ತವೆ. ಹತೋಟಿಗೆ ಬಾರದ ಬಿಪಿ, ಹೃದಯದ ಲಯದ ತೊಂದರೆ ಇದ್ದವರಿಗೆ ಅಷ್ಟೇ ಸಾಕು ಅಪಾಯಕ್ಕೆ. ಲಿಥಿಯಂ ತೆಗೆದುಕೊಳ್ಳುವವರು ಎಲ್‌ಎಸ್‌ಡಿ ಅಥವಾ ಸೈಲೊಸೈಬಿನ್ ಸೇವಿಸಿ ಸೆಳವು ಬಂದ ವರದಿಗಳಿವೆ. ದಕ್ಷಿಣ ಅಮೆರಿಕದ ಅಯವಾಸ್ಕ ಕಷಾಯ ಇನ್ನೂ ಹೆಚ್ಚು ಗಂಡಾಂತರದ್ದು. ಅದರ ಬಳ್ಳಿಯಲ್ಲಿರುವ ರಾಸಾಯನಿಕವು ಮೆದುಳಿನ ಸೆರೊಟೋನಿನ್ ಕರಗದಂತೆ ತಡೆಯುತ್ತದೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆ ಮಾತ್ರೆಗಳು, ಟ್ರಮಡಾಲ್ ಎಂಬ ನೋವಿನ ಮಾತ್ರೆ ಇದರ ಜೊತೆ ಸೇರಿದರೆ ಜ್ವರ, ನಡುಕ, ಸ್ನಾಯು ಬಿಗಿತ ಶುರುವಾಗಿ ಜೀವಕ್ಕೇ ಕುತ್ತಾಗಬಹುದು.

ಇದಕ್ಕೆ ಪರಿಹಾರ ಎಂದು ಕೆಲವರು ಖಿನ್ನತೆಯ ಮಾತ್ರೆಯನ್ನೇ ಎರಡು ವಾರ ಮುಂಚೆ ಬಿಡುತ್ತಾರೆ. ಇದೂ ದೊಡ್ಡ ತಪ್ಪು. ಮಾತ್ರೆ ಬಿಟ್ಟ ದಿನಗಳಲ್ಲೇ ಖಿನ್ನತೆ, ಆತ್ಮಹತ್ಯೆಯ ಯೋಚನೆ ಮರಳಬಹುದು. ಆತಂಕಕ್ಕೆಂದು ಕೊಡುವ ಕ್ಲೋನಾಜೆಪಾಮ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಸೆಳವು ಬರಬಹುದು.

ಕಾನೂನನ್ನೂ ತಿಳಿದಿರಿ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ತಡೆ ಕಾಯ್ದೆಯಡಿ ಎಲ್‌ಎಸ್‌ಡಿ, ಸೈಲೊಸೈಬಿನ್, ಡಿಎಂಟಿ, ಮೆಸ್ಕಲಿನ್ ಎಲ್ಲವೂ ನಿಷಿದ್ಧ. ಸೇವಿಸಿದರೂ ಶಿಕ್ಷೆಯಿದೆ. ಎಲ್‌ಎಸ್‌ಡಿಯಲ್ಲಿ 0.1 ಗ್ರಾಂ ದಾಟಿದರೆ ‘ವಾಣಿಜ್ಯ ಪ್ರಮಾಣ’ವಾಗುತ್ತದೆ, ಅದಕ್ಕೆ ಕನಿಷ್ಠ 10 ವರ್ಷ ಜೈಲು, ಜಾಮೀನೂ ಸುಲಭವಲ್ಲ. ಸೈಲೊಸೈಬಿನ್ ಇರುವ ಅಣಬೆಯ ತೂಕವನ್ನು ಹೇಗೆ ಲೆಕ್ಕ ಹಿಡಿಯಬೇಕು ಎಂಬಂಥ ಪ್ರಶ್ನೆಗಳು ಜಾಮೀನು ಅರ್ಜಿಗಳಲ್ಲಿ ಚರ್ಚೆಯಾಗಿವೆ. ಅದನ್ನು ಅನುಮತಿ ಎಂದು ಓದಿಕೊಳ್ಳಬೇಡಿ. ಕಳ್ಳದಾರಿಯಲ್ಲಿ ಸಿಗುವ ಕಾಗದದ ಚೂರಿನಲ್ಲಿ ಎಲ್‌ಎಸ್‌ಡಿಯ ಬದಲು ಪ್ರಾಣ ತೆಗೆಯಬಲ್ಲ ಬೇರೆ ರಾಸಾಯನಿಕ ಇರಬಹುದು. ನೋಡಿ ಗುರುತಿಸಲು ದಾರಿಯಿಲ್ಲ.

ಶಿವನಿಗೆ ಏರಿಸುವ ಉಮ್ಮತ್ತಿಯ ಬಗ್ಗೆಯೂ ಒಂದು ಮಾತು. ಅದರ ಬೀಜ ತಿಂದರೆ ‘ದರ್ಶನ’ ಆಗುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿದೆ. ಆಗುವುದು ಸನ್ನಿ. ಬಾಯಿ ಒಣಗಿ, ಮೂತ್ರ ಕಟ್ಟಿ, ಎದೆಬಡಿತ ಏರಿ, ಎದುರಿಗಿದ್ದವರು ಯಾರೆಂದು ತಿಳಿಯದ ಸ್ಥಿತಿ. ಅದು ವಿಷ, ಹೂವಾಗಿ ದೇವರಿಗೆ ಸಲ್ಲಲಿ.

ಹೊರದೇಶದಲ್ಲಿರುವ ಕನ್ನಡಿಗರ ಮಾತು ಸ್ವಲ್ಪ ಬೇರೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್ ಬರೆಯಬಹುದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸೈಲೊಸೈಬಿನ್ ಕೊಡಲು ಪರವಾನಗಿ ಪಡೆದ ಕೇಂದ್ರಗಳಿವೆ. ಆದರೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅದು ಇಂದಿಗೂ ಅಪರಾಧ. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರು ರಾಜ್ಯದ ಅನುಮತಿಯನ್ನು ನಂಬಿ ಹೋದರೆ ವಲಸೆ ಅಧಿಕಾರಿಗಳ ಮುಂದೆ ಸಿಕ್ಕಿಹಾಕಿಕೊಳ್ಳಬಹುದು. ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಯಾವ ದೇಶದಲ್ಲಾದರೂ, ನಿಮ್ಮ ಔಷಧಿ ಪಟ್ಟಿಯನ್ನೂ ಮನೆಯವರ ಕಾಯಿಲೆಗಳನ್ನೂ ಕೇಳದೆ ಹಣ ಕಟ್ಟಿಸಿಕೊಳ್ಳುವ ಜಾಗದಿಂದ ಎದ್ದು ಬನ್ನಿ.

ನನ್ನ ತೀರ್ಪು ಇಷ್ಟು: ಕಾಯಿಲೆಯೊಂದನ್ನು ನಿಭಾಯಿಸುತ್ತಿರುವ, ಭಾರತದಲ್ಲಿರುವ ಸಾಧಕರಿಗೆ ಸೈಕೆಡೆಲಿಕ್ ದಾರಿ ಬೇಡ. ಧ್ಯಾನದ ದಾರಿ ತೆರೆದೇ ಇದೆ, ಅದನ್ನು ಹದವಾಗಿ ಹಿಡಿಯಬೇಕು.

ಹೆಜ್ಜೆ 4: ಮನೆಯಲ್ಲಿ ಮೊದಲು ಕೂತು ನೋಡಿ

ಹತ್ತು ದಿನದ ಶಿಬಿರದಲ್ಲಿ ದಿನಕ್ಕೆ ಸುಮಾರು 10 ಗಂಟೆ ಕೂರಬೇಕು. ಎಂದೂ ಅರ್ಧ ಗಂಟೆ ಸುಮ್ಮನೆ ಕೂರದವರು ನೇರವಾಗಿ ಅಲ್ಲಿಗೆ ಹೋಗುವುದು ಸರಿಯಲ್ಲ. ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಶುರು ಮಾಡಿ, ಕೆಲವು ತಿಂಗಳಲ್ಲಿ ಅರ್ಧ ಗಂಟೆಗೆ ತನ್ನಿ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಕೂರಿ, ಅದರಲ್ಲಿ ಕೊರತೆ ಏನೂ ಇಲ್ಲ. ಆಮೇಲೆ ಒಂದು ದಿನದ ಶಿಬಿರ ಮಾಡಿ ನೋಡಿ.

ಪ್ರಾಣಾಯಾಮದಲ್ಲಿ ಎಚ್ಚರ ಹೆಚ್ಚು ಬೇಕು. ಹತೋಟಿಯಲ್ಲಿಲ್ಲದ ಬಿಪಿ, ಹೃದ್ರೋಗ, ಗ್ಲಾಕೋಮಾ, ಹರ್ನಿಯಾ, ಮೂರ್ಛೆ ರೋಗ ಇರುವವರು ಮತ್ತು ಗರ್ಭಿಣಿಯರು ಕಪಾಲಭಾತಿ, ಭಸ್ತ್ರಿಕಾ ಮಾಡಬಾರದು. ‘ಹೊಲೊಟ್ರೊಪಿಕ್’ ಎಂದು ಕರೆಯುವ ರಭಸದ ಉಸಿರಾಟ, ಎಲ್‌ಎಸ್‌ಡಿ ನಿಷೇಧವಾದ ಮೇಲೆ ಅದಕ್ಕೆ ಬದಲಿಯಾಗಿ ಮನೋವೈದ್ಯ ಸ್ಟಾನಿಸ್ಲಾವ್ ಗ್ರೋಫ್ ರೂಪಿಸಿದ್ದು. ವಾರಾಂತ್ಯದ ರೆಸಾರ್ಟ್ ಶಿಬಿರಗಳಲ್ಲಿ ಇದನ್ನು ಮಾಡಿಸುವುದುಂಟು. ಮೇಲೆ ಹೇಳಿದ ಕಾಯಿಲೆಯವರು ಇದರ ಹತ್ತಿರ ಹೋಗಬೇಡಿ. ಕಾಯಿಲೆಗೆ ತಕ್ಕ ಯೋಗ ಕಲಿಯಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮಗ್ರ ಚಿಕಿತ್ಸೆಯ ವಿಭಾಗವೇ ಇದೆ.

ಹೆಜ್ಜೆ 5: ಅರ್ಜಿಯಲ್ಲಿ ಸತ್ಯ ಬರೆಯಿರಿ

ಬೆಂಗಳೂರಿನ ಹೊರವಲಯದ ಆಲೂರಿನ ಧಮ್ಮ ಪಫುಲ್ಲದಂಥ ಕೇಂದ್ರಗಳು ಅರ್ಜಿಯಲ್ಲೇ ದೇಹ ಮತ್ತು ಮನಸ್ಸಿನ ಕಾಯಿಲೆ, ಔಷಧಿ, ಮಾದಕ ವಸ್ತುಗಳ ಬಳಕೆ ಎಲ್ಲವನ್ನೂ ಕೇಳುತ್ತವೆ. ಸೀಟು ಸಿಗದೇ ಹೋದೀತು ಎಂಬ ಹೆದರಿಕೆಯಿಂದ ಅಲ್ಲಿ ಮುಚ್ಚಿಟ್ಟರೆ, ತೊಂದರೆಯಾದ ರಾತ್ರಿ ನಿಮಗೆ ನೆರವಾಗಬೇಕಾದವರ ಕೈ ಕಟ್ಟಿಹಾಕಿದಂತೆ. ಈಗ ಬೇಡ ಎಂದು ಅವರು ಹೇಳಿದರೆ ಅದನ್ನು ಅವಮಾನ ಎಂದುಕೊಳ್ಳಬೇಡಿ.

ಮೌನ ಎಂದರೆ ಕಷ್ಟವನ್ನು ನುಂಗಿಕೊಳ್ಳುವುದಲ್ಲ. ಆಚಾರ್ಯರ ಬಳಿ, ವ್ಯವಸ್ಥಾಪಕರ ಬಳಿ ಯಾವ ದಿನವೂ ಮಾತಾಡಬಹುದು. ಬಿಡುವಿನಲ್ಲಿ ಎದ್ದು ನಡೆಯಿರಿ, ನೀರು ಕುಡಿಯಿರಿ. ಬಿಪಿ ಮಾತ್ರೆಯವರು ಆಸನದಿಂದ ಥಟ್ಟನೆ ಎದ್ದರೆ ತಲೆ ತಿರುಗಬಹುದು, ನಿಧಾನವಾಗಿ ಏಳಿ.

ಹೆಜ್ಜೆ 6: ಯಾವಾಗ ನಿಲ್ಲಿಸಬೇಕು

ಧ್ಯಾನದಿಂದ ಕೆಡುಕಾಗುವುದೇ ಇಲ್ಲ ಎಂಬುದು ತಪ್ಪು ಕಲ್ಪನೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಜ್ಯಾರೆಡ್ ಲಿಂಡಾಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೌದ್ಧ ಧ್ಯಾನಿಗಳನ್ನು ಮಾತಾಡಿಸಿ 59 ಬಗೆಯ ಅನುಭವಗಳನ್ನು ಗುರುತಿಸಿದ್ದಾರೆ. ಭಯ, ನಿದ್ದೆ ಬಾರದಿರುವುದು, ತನ್ನ ದೇಹ ತನ್ನದಲ್ಲವೆಂಬ ಭಾವ ಇವೆಲ್ಲ ಅದರಲ್ಲಿವೆ. ಅನುಭವಸ್ಥರೂ ಇದಕ್ಕೆ ಹೊರತಾಗಿರಲಿಲ್ಲ.

ಅಳು, ಬೇಸರ, ಬೆನ್ನು ನೋವು, ಹಳೆಯ ನೆನಪು ಬಂದು ಹೋಗುವಂಥವು. ಆದರೆ ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ದಣಿವಾಗದೆ ಮೈಯಲ್ಲಿ ವಿಪರೀತ ಶಕ್ತಿ ತುಂಬಿದಂತಿದ್ದರೆ, ಯಾರೂ ಇಲ್ಲದೆ ದನಿ ಕೇಳಿದರೆ, ತಾನು ವಿಶೇಷ ಕಾರ್ಯಕ್ಕೆ ಆಯ್ಕೆಯಾದವನು ಅನ್ನಿಸತೊಡಗಿದರೆ, ಸಾಯುವ ಯೋಚನೆ ಬಂದರೆ, ಅದನ್ನು ಕುಂಡಲಿನಿ ಎಂದೋ ಸಿದ್ಧಿ ಎಂದೋ ಅರ್ಥೈಸಬೇಡಿ. ಕೂರುವುದನ್ನು ನಿಲ್ಲಿಸಿ, ಹೊಟ್ಟೆ ತುಂಬ ಉಣ್ಣಿ, ಮನೆಯವರನ್ನು ಕರೆಸಿಕೊಳ್ಳಿ, ಅದೇ ದಿನ ವೈದ್ಯರನ್ನು ಕಾಣಿ. ಎದೆ ನೋವು, ಸೆಳವು ಆದರೆ 108ಕ್ಕೆ ಕರೆ ಮಾಡಿ.

ಹೆಜ್ಜೆ 7: ಮರಳಿ ಬಂದ ಮೊದಲ ವಾರ

ಶಿಬಿರದಿಂದ ಬಂದವರ ಮನಸ್ಸು ಸೂಕ್ಷ್ಮವಾಗಿರುತ್ತದೆ. ಮರುದಿನವೇ ಕಚೇರಿ, ಮದುವೆ ಮನೆ, ರಾತ್ರಿ ಬಸ್ ಪ್ರಯಾಣ ಇಟ್ಟುಕೊಳ್ಳಬೇಡಿ. ಕೆಲಸ ಬಿಡುತ್ತೇನೆ, ಸಂಸಾರ ಬಿಡುತ್ತೇನೆ ಎಂಬಂಥ ತೀರ್ಮಾನಗಳನ್ನು ಮೂರು ತಿಂಗಳು ಮುಂದೂಡಿ. ಬಿಪಿ, ಶುಗರ್ ಮತ್ತೆ ಅಳೆಸಿಕೊಳ್ಳಿ. ಸಂಖ್ಯೆಗಳು ಇಳಿದಿದ್ದರೆ ಸಂತೋಷ, ಆದರೆ ಡೋಸ್ ಇಳಿಸಬೇಕಾದವರು ವೈದ್ಯರೇ. ದಿನಕ್ಕೆ ಅರ್ಧ ಗಂಟೆ ಕೂರುವುದನ್ನು ಮಾತ್ರ ತಪ್ಪಿಸಬೇಡಿ.

ಮನಸ್ಸಿನ ಯಾವ ತಳಮಳಕ್ಕೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿಬಿರಕ್ಕೆ ಹೊರಡುವ ಮುನ್ನ ಈ ಸಂಖ್ಯೆಯನ್ನು ನಿಮ್ಮ ಔಷಧಿ ಪಟ್ಟಿಯ ಜೊತೆ ಬರೆದು ಮನೆಯವರ ಕೈಗೂ ಒಂದು ಪ್ರತಿ ಕೊಡಿ.