ಪ್ರಾರ್ಥನೆಯ ಭಂಗಿಗಳು: ಎಂಟನೆಯ ತರಗತಿಗೆ ಒಂದು ಪಾಠ

ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳಿಗೆ ಮೊದಲ ವಾರ ಸಾಮಾನ್ಯವಾಗಿ ಸಿಗುವ ಹೊಣೆ ಬೆಳಗಿನ ಪ್ರಾರ್ಥನೆಯ ಮೇಲ್ವಿಚಾರಣೆ. ಸಾಲು ನೇರವಾಗಿರಲಿ, ಕೈ ಮುಗಿಯಿರಿ, ಕಣ್ಣು ಮುಚ್ಚಿರಿ ಎಂಬ ಸೂಚನೆಗಳು ರೂಢಿಯಿಂದ ಬಂದಿವೆ. ಕೈ ಮುಗಿಯದೆ ನಿಂತ ಮಗುವನ್ನು ಅಶಿಸ್ತಿನದೆಂದು ಪಕ್ಕಕ್ಕೆ ನಿಲ್ಲಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ನೋಡಿದ್ದೇನೆ. ಅಲ್ಲಿ ಗೌರವ ಯಾವುದು, ಭಂಗಿ ಯಾವುದು ಎಂಬ ವ್ಯತ್ಯಾಸವೇ ಮರೆಯಾಗಿರುತ್ತದೆ. ಇದನ್ನು ಸ್ಪಷ್ಟಪಡಿಸಲು 40 ನಿಮಿಷಗಳ ಸಮಾಜ ವಿಜ್ಞಾನ ಪಾಠವೊಂದನ್ನು ರೂಪಿಸಿ ನಮ್ಮ ಪ್ರಶಿಕ್ಷಣಾರ್ಥಿಗಳಿಂದ ಮಾಡಿಸುತ್ತಿದ್ದೇನೆ.

ಪೀಠಿಕೆ (5 ನಿಮಿಷ)

ಶ್ರವಣಬೆಳಗೊಳದ ಗೊಮ್ಮಟೇಶ್ವರನ ಚಿತ್ರ ತೋರಿಸಿ, "ಇವನ ಕೈಗಳು ಎಲ್ಲಿವೆ?" ಎಂದಷ್ಟೇ ಕೇಳಬೇಕು. 58 ಅಡಿ ಎತ್ತರದ ಈ ಏಕಶಿಲಾ ಮೂರ್ತಿ ಕೈ ಮುಗಿದಿಲ್ಲ, ಕಣ್ಣು ಮುಚ್ಚಿಲ್ಲ. ತೋಳುಗಳು ಇಳಿಬಿದ್ದಿವೆ. ಇದು ಕಾಯೋತ್ಸರ್ಗ, ಅಂದರೆ ದೇಹದ ಮೇಲಿನ ಮಮತೆಯನ್ನು ಬಿಟ್ಟು ನಿಲ್ಲುವ ಧ್ಯಾನಭಂಗಿ. ಸುಮ್ಮನೆ ನಿಲ್ಲುವುದಕ್ಕೂ ಆಳವಾದ ಅರ್ಥ ಇರಬಲ್ಲದೆಂದು ಮಕ್ಕಳಿಗೆ ಇಲ್ಲೇ ಹೊಳೆಯುತ್ತದೆ.

ವಿಷಯ ನಿರೂಪಣೆ (20 ನಿಮಿಷ)

ಕಪ್ಪುಹಲಗೆಯಲ್ಲಿ ಎರಡು ಅಂಕಣ: "ಕಣ್ಣಿಗೆ ಕಂಡದ್ದು", "ಆಚರಿಸುವವರು ಹೇಳುವ ಅರ್ಥ". ಮಕ್ಕಳು ಮೊದಲನೆಯದನ್ನು ತುಂಬಿದ ಮೇಲೆಯೇ ಎರಡನೆಯದಕ್ಕೆ ಹೋಗಬೇಕು.

ಸಾಷ್ಟಾಂಗ ನಮಸ್ಕಾರದ ಹೆಸರಿನಲ್ಲೇ ಎಂಟು ಅಂಗಗಳಿವೆ. ಅವುಗಳ ಪಟ್ಟಿ ಎಲ್ಲೆಡೆ ಒಂದೇ ಅಲ್ಲ; ಕೆಲವು ಪಟ್ಟಿಗಳಲ್ಲಿ ದೃಷ್ಟಿ, ಮಾತು, ಮನಸ್ಸುಗಳೂ ಸೇರಿವೆ. ನಮಾಜಿನ ಸಜ್ದಾದಲ್ಲಿ ನೆಲ ಮುಟ್ಟುವ ಅಂಗಗಳು ಏಳು: ಹಣೆ (ಮೂಗೂ ಸೇರಿ), ಎರಡು ಅಂಗೈ, ಎರಡು ಮಂಡಿ, ಎರಡೂ ಪಾದಗಳ ಬೆರಳುಗಳು. ಲಿಂಗಾಯತರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುತ್ತಾರೆ. ಅಲ್ಲಿ ಅಂಗೈಯೇ ಪೀಠ.

ಒಂದೇ ಧರ್ಮದೊಳಗೂ ರೂಢಿಗಳು ಬೇರೆಯಾಗುತ್ತವೆ. ನಮಾಜಿನಲ್ಲಿ ನಿಂತಾಗ ಹನಫಿ ಪಂಥದ ಗಂಡಸರು ಹೊಕ್ಕುಳ ಕೆಳಗೆ ಕೈ ಕಟ್ಟುತ್ತಾರೆ. ಭಟ್ಕಳದ ನವಾಯತರಂತಹ ಶಾಫಿ ಪಂಥದವರು ಹೊಕ್ಕುಳ ಮೇಲೆ, ಎದೆಯ ಕೆಳಗೆ ಕಟ್ಟುತ್ತಾರೆ. ಶಿಲುಬೆಯ ಗುರುತು ಮಾಡುವಾಗ ರೋಮನ್ ಕ್ಯಾಥೊಲಿಕರ ಕೈ ಎಡಭುಜದಿಂದ ಬಲಕ್ಕೆ, ಆರ್ಥಡಾಕ್ಸ್ ಕ್ರೈಸ್ತರದು ಬಲದಿಂದ ಎಡಕ್ಕೆ ಸಾಗುತ್ತದೆ. "ಅವರೆಲ್ಲ ಹೀಗೇ ಮಾಡುತ್ತಾರೆ" ಎಂಬ ಮಾತು ಇಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ.

ಚಟುವಟಿಕೆ (10 ನಿಮಿಷ)

ಪ್ರತಿ ಮಗುವೂ ತಾನು ಕಂಡ ಒಂದು ಭಂಗಿಯನ್ನು ಮೂರು ವಾಕ್ಯಗಳಲ್ಲಿ ವರ್ಣಿಸಬೇಕು. "ವಿಚಿತ್ರ", "ಸರಿ", "ತಪ್ಪು" ಎಂಬ ಪದಗಳನ್ನು ಬಳಸುವಂತಿಲ್ಲ.

ಇಲ್ಲಿ ಅಭಿನಯ ಬೇಡ. ಚಟುವಟಿಕೆ ಎಂದರೆ ಮಾಡಿಸುವುದು ಎಂಬ ಉತ್ಸಾಹದಲ್ಲಿ ಪ್ರಶಿಕ್ಷಣಾರ್ಥಿಗಳು ಮಕ್ಕಳನ್ನು ಮುಂದೆ ಕರೆದು ನಮಾಜನ್ನೋ ಪೂಜೆಯನ್ನೋ ಮಾಡಿ ತೋರಿಸಲು ಹೇಳುವುದುಂಟು. ಒಬ್ಬರ ಆರಾಧನೆ ಇನ್ನೊಬ್ಬರಿಗೆ ನಾಟಕವಾಗಬಾರದು. ತರಗತಿಯಲ್ಲಿ ಒಬ್ಬನೇ ಇರುವ ಹುಡುಗನನ್ನು "ನಿಮ್ಮವರು ಹೇಗೆ ಮಾಡುತ್ತಾರೆ, ಹೇಳು" ಎಂದು ಎಬ್ಬಿಸಿ ನಿಲ್ಲಿಸುವುದೂ ಸಲ್ಲದು. ತಾನಾಗಿ ಹೇಳಿದರೆ ಕೇಳೋಣ.

ಮೌಲ್ಯಮಾಪನ (5 ನಿಮಿಷ)

ಒಂದೇ ಪ್ರಶ್ನೆ: ಕೈ ಮುಗಿಯದೆಯೂ ಗೌರವ ತೋರಬಹುದೇ? ಉತ್ತರಗಳನ್ನು ಕೇಳಿದ ಮೇಲೆ ನಿಜ ಪ್ರಕರಣವೊಂದನ್ನು ಹೇಳಬೇಕು. 1985ರಲ್ಲಿ ಕೇರಳದ ಶಾಲೆಯೊಂದರಿಂದ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಯ ವೇಳೆ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಗೌರವದಿಂದ ಎದ್ದು ನಿಂತವರು ಹಾಡದಿದ್ದರೆ ಅಗೌರವವಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪಿತ್ತು ಮಕ್ಕಳ ಪರ ನಿಂತಿತು.

ಪ್ರಶಿಕ್ಷಣಾರ್ಥಿಗಳು ಸಂವಿಧಾನದ 28ನೆಯ ವಿಧಿಯನ್ನು ತಪ್ಪದೆ ಓದಿಕೊಂಡಿರಬೇಕು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ನಡೆಯುವ ಧಾರ್ಮಿಕ ಆರಾಧನೆಗೆ, ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ಮಗುವನ್ನು ಹಾಜರಾಗುವಂತೆ ಒತ್ತಾಯಿಸುವಂತಿಲ್ಲ.

ಪಾಠ ವೀಕ್ಷಣೆಯ ಹಾಳೆಯಲ್ಲಿ ಈ ಪಾಠಕ್ಕಾಗಿ ನಾನು ಒಂದು ಅಂಶ ಸೇರಿಸಿದ್ದೇನೆ: ಮರುದಿನದ ಪ್ರಾರ್ಥನೆಯಲ್ಲಿ ಪ್ರಶಿಕ್ಷಣಾರ್ಥಿ ಮಕ್ಕಳಿಗೆ ಯಾವ ಸೂಚನೆ ಕೊಟ್ಟರು? "ಕೈ ಮುಗಿಯಿರಿ" ಎಂಬ ಜಾಗದಲ್ಲಿ "ಶಾಂತವಾಗಿ ನಿಲ್ಲಿ" ಎಂದಿದ್ದರೆ ಪಾಠ ಮೊದಲು ಅವರಿಗೇ ಮುಟ್ಟಿದೆ ಎಂದು ಬರೆದುಕೊಳ್ಳುತ್ತೇನೆ.